ಹಲ್ಲಕ್ಕನ ಲ್ಯಾಪ್‌ಟಾಪ್ ಹಟ

ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹಲ್ಲಕ್ಕ ಬಲಗೈಯನ್ನು ಕೈಚೀಲದೊಳಗೆ ತೂರಿಸಿಕೊಂಡಿದ್ದಳು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಕೈ ನಡುಗುತ್ತಿತ್ತು, ಅದು ಯಾರ ಕಣ್ಣಿಗೂ ಬೀಳಬಾರದಿತ್ತು, ಅಷ್ಟೇ. ಅದರಲ್ಲೂ ಹಿಂದೆಯೇ ಬರುತ್ತಿದ್ದ ವಾರಗಿತ್ತಿಯ ಕಣ್ಣಿಗೆ.

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರು ಬಾಯಿಯ ಅಚ್ಚು ಕಳಿಸಿದರೆ ಅದಕ್ಕೆ ಹೊಂದುವ ಹಲ್ಲನ್ನು ಮೇಣದಲ್ಲಿ ಕೆತ್ತುವುದು ಇಪ್ಪತ್ತೆಂಟು ವರ್ಷಗಳಿಂದ ಅವಳ ಕಸುಬು. ಆ ಮೇಣದ ಹಲ್ಲಿನ ಸುತ್ತ ಅಚ್ಚು ಕಟ್ಟಿ, ಕುಲುಮೆಗೆ ಹಾಕಿ ಗಟ್ಟಿ ಹಲ್ಲು ಎರೆದು ಹೊಳಪು ಕೊಡುವವಳು ಅವಳ ಮೈದುನನ ಹೆಂಡತಿ. ಮನೆಯಲ್ಲಿ ಎಲ್ಲರಿಗೂ ಅವಳು ಚಿಕ್ಕವಳು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರ ಕೆಲಸ. ಪ್ಲಾಸ್ಟರ್ ಪುಡಿ ಟೀ ಲೋಟದೊಳಗೂ ಬೀಳುತ್ತಿತ್ತು. ಅಣ್ಣತಮ್ಮಂದಿರು ಯಾವುದೋ ಗೋಡೆಯ ವಿಷಯಕ್ಕೆ ಎರಡು ವರ್ಷ ಮಾತು ಬಿಟ್ಟಾಗಲೂ ಅವರ ಹೆಂಡತಿಯರು ಒಂದೇ ಮೇಜಿಗೆ ಕೂತು ಹಲ್ಲು ಮಾಡಿದ್ದರು. ಗಂಡಸರ ಸಿಟ್ಟಿಗೆ ಸೊಪ್ಪು ಹಾಕುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ.

ಹೆಚ್ಚಿನ ಕೆಲಸ ಕೊಡುತ್ತಿದ್ದ ಡಾಕ್ಟರು ಈಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಸೋಮವಾರದಿಂದ ಪ್ಲಾಸ್ಟರ್ ಅಚ್ಚು ಇಲ್ಲ, ಬಾಯಿಯನ್ನು ಸ್ಕ್ಯಾನ್ ಮಾಡಿ ಕಳಿಸುತ್ತೇವೆ, ಹಲ್ಲನ್ನು ಕಂಪ್ಯೂಟರಿನಲ್ಲೇ ಕೆತ್ತಿ. ಸಾಧಾರಣ ಕಂಪ್ಯೂಟರ್ ಆ ಕೆಲಸಕ್ಕೆ ತಡೆಯುವುದಿಲ್ಲವಂತೆ. ಇವತ್ತು ಶನಿವಾರ.

ಅಂಗಡಿಯವನು ಎರಡನ್ನು ಮುಂದಿಟ್ಟ. ಒಂದು ಗೇಮಿಂಗ್ ಲ್ಯಾಪ್‌ಟಾಪ್, ಅದರ ಒಂದೊಂದು ಕೀಲಿಯೂ ಕೆಂಪು ನೀಲಿ ಮಿಣುಕುತ್ತಿತ್ತು. ಇನ್ನೊಂದು ಊಟದ ಡಬ್ಬಿಯಷ್ಟೇ ಇದ್ದ ಪುಟ್ಟ ಡೆಸ್ಕ್‌ಟಾಪ್, ಪಕ್ಕದಲ್ಲಿ ಅಗಲವಾದ ಪರದೆ.

"ಎರಡರದ್ದೂ ಒಂದೇ ತಾಕತ್ತು, ಬೆಲೆನೂ ಹೆಚ್ಚುಕಮ್ಮಿ ಒಂದೇ. ಎತ್ಕೊಂಡು ಓಡಾಡ್ತೀರಾ, ಒಂದೇ ಕಡೆ ಕೂತು ಮಾಡ್ತೀರಾ, ಅಷ್ಟು ಹೇಳಿ ಸಾಕು."

"ಲ್ಯಾಪ್‌ಟಾಪ್," ಎಂದಳು ಹಲ್ಲಕ್ಕ.

"ಡೆಸ್ಕ್‌ಟಾಪ್," ಎಂದಳು ಚಿಕ್ಕವಳು, ಅದೇ ಉಸಿರಿಗೆ.

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ ಸುಮ್ಮನೆ ಒರೆಸುವ ಬಟ್ಟೆ ಕೈಗೆತ್ತಿಕೊಂಡ. ಅನುಭವಸ್ಥ.

"ಕರೆಂಟ್ ಹೋದ್ರೆ ಬ್ಯಾಟರಿ ಇರುತ್ತೆ. ಮನೆಗೂ ತಗೊಂಡು ಹೋಗಬಹುದು," ಹಲ್ಲಕ್ಕ ಅಂದಳು.

"ದೊಡ್ಡ ಕೆಲಸ ಹಾಕಿದ್ರೆ ಬ್ಯಾಟರಿ ಒಂದು ಗಂಟೆನೂ ಬರಲ್ಲ ಮೇಡಮ್," ಅಂಗಡಿಯವನು ಮೆಲ್ಲಗೆ ಬಾಯಿ ಹಾಕಿದ.

"ಮನೆಗೆ ಯಾಕೆ ಅಕ್ಕ? ಕೆಲಸ ಮಾಡೋದು ಇಬ್ಬರೂ. ಇದನ್ನ ಮೇಜಿನ ಮಧ್ಯ ಇಟ್ರೆ ಇಬ್ಬರಿಗೂ ಕಾಣುತ್ತೆ."

ಇಬ್ಬರಿಗೂ ಕಾಣುತ್ತೆ. ಅದೇ ಹಲ್ಲಕ್ಕನಿಗೆ ಬೇಡವಾದದ್ದು. ಲ್ಯಾಪ್‌ಟಾಪ್ ಆದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಒಂದು ಗೆರೆಗೆ ಒಂದು ಗಂಟೆ ಹಿಡಿದರೂ ಕೇಳುವವರಿಲ್ಲ. ನಡುಕ ಗೊತ್ತಾದ ದಿನ ಎಲ್ಲರೂ ಸೇರಿ ಇನ್ನು ಸಾಕು, ವಿಶ್ರಾಂತಿ ತಗೋ ಎನ್ನುತ್ತಾರೆ. ಆ ಮಾತು ಕೇಳಿದರೆ ತಾನು ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಅಷ್ಟಕ್ಕೂ ಕೆಲಸ ಕೆಟ್ಟಿದ್ದರೆ ಬೇರೆ ಮಾತು. ಕೈ ನಡುಗಲು ಶುರುವಾಗಿ ಎಂಟು ತಿಂಗಳಾದರೂ ಒಂದು ಹಲ್ಲೂ ವಾಪಸ್ ಬಂದಿರಲಿಲ್ಲ. ದವಡೆ ಹಲ್ಲಿನ ನಡುವಿನ ಗೆರೆಯ ಕೊನೆಯಲ್ಲಿ ಅವಳು ಸಣ್ಣದೊಂದು ಬಳುಕು ಕೊಡುತ್ತಿದ್ದಳು, ಅವಳ ಕೈಯ ಗುರುತು ಅದು. ತಯಾರಾದ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದರೆ ಆ ಬಳುಕು ಮೊದಲಿಗಿಂತ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕೈ ನಡುಗಿದರೇನು, ಕಸುಬು ನಡುಗಿಲ್ಲ ಎಂದುಕೊಂಡು ಅವಳು ದಿನ ದೂಡಿದ್ದಳು.

"ದೊಡ್ಡ ಪರದೆ ಹಾಕ್ಕೊಂಡು ನನ್ನ ಕೆಲಸ ಕಾಯ್ಬೇಕಾ ನೀನು?" ಎಂದು ರೇಗಿದಳು.

"ಒಂದ್ಸಲ ಮಾಡಿ ನೋಡ್ಬಿಡಿ," ಎಂದ ಅಂಗಡಿಯವನು, ಡಾಕ್ಟರು ಹಲ್ಲು ಕೆತ್ತುವ ಸಾಫ್ಟ್‌ವೇರ್ ಹಾಕಿ ಇವರಿಗೆ ಕೊಟ್ಟಿದ್ದ ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿ. ಪರದೆಯಲ್ಲಿ ಒಂದು ದವಡೆ ಹಲ್ಲು ಮೂಡಿತು. ಹಲ್ಲಕ್ಕ ವಿಧಿಯಿಲ್ಲದೆ ಕೈಚೀಲದಿಂದ ಕೈ ತೆಗೆದು ಮೌಸ್ ಹಿಡಿದಳು. ಚಿಕ್ಕ ಪರದೆ, ಚಿಕ್ಕ ಹಲ್ಲು. ಹೇಗೋ ನಿಭಾಯಿಸಬಹುದು ಎಂದು ಉಸಿರು ಬಿಡುವಷ್ಟರಲ್ಲಿ, ಉಪಕಾರಕ್ಕೆ ನಿಂತ ಆ ಪುಣ್ಯಾತ್ಮ ಒಂದು ಕೇಬಲ್ ಎಳೆದು ದೊಡ್ಡ ಪರದೆಗೆ ಸಿಕ್ಕಿಸಿದ.

ಹಲ್ಲು ಅಂಗೈಯಗಲ ಆಯಿತು. ಅದರ ಮೇಲೆ ಹಲ್ಲಕ್ಕ ಎಳೆಯುತ್ತಿದ್ದ ಗೆರೆ ಗರಗಸದ ಅಂಚಿನಂತೆ ಅಂಕುಡೊಂಕಾಗಿ ಹರಿಯಿತು.

"ಓ, ಮೌಸ್ ಸರಿ ಇಲ್ಲ," ಎಂದು ಅಂಗಡಿಯವನು ಬೇರೊಂದು ಕೊಟ್ಟ. ಗೆರೆ ಹಾಗೆಯೇ ಬಂತು. "ಇದೂನಾ?" ಎಂದು ಮೂರನೆಯದರ ಡಬ್ಬಿ ಬಿಚ್ಚತೊಡಗಿದ.

"ಮೌಸ್ ಚೆನ್ನಾಗಿದೆ ಸಾರ್," ಎಂದಳು ಚಿಕ್ಕವಳು. "ಸ್ವಲ್ಪ ಕುಡಿಯೋಕೆ ನೀರು ತರ್ತೀರಾ?"

ಅವನು ಒಳಗೆ ಹೋದ. ಹಲ್ಲಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಯಾವತ್ತಿಂದ ಗೊತ್ತು ನಿನಗೆ?"

"ನೀವು ಟೀ ಲೋಟ ಎರಡೂ ಕೈಯಲ್ಲಿ ಹಿಡಿಯೋಕೆ ಶುರು ಮಾಡಿದ ದಿನದಿಂದ."

"ಒಂದು ಹಲ್ಲಾದ್ರೂ ವಾಪಸ್ ಬಂದಿದೆಯೇನೇ?"

ಚಿಕ್ಕವಳು ಕಣ್ಣು ತಪ್ಪಿಸಿ ಮೂರನೆಯ ಮೌಸಿನ ಡಬ್ಬಿ ಮುಚ್ಚತೊಡಗಿದಳು. ಹಲ್ಲಕ್ಕನಿಗೆ ಆಗ ಎಲ್ಲ ಹೊಳೆಯಿತು. ಮೇಣದ ಹಲ್ಲು ಕುಲುಮೆಗೆ ಹೋಗುವುದು ಯಾರ ಕೈಯಿಂದ?

"ಆ ಗೆರೆ?"

"ನಾನೇ ತಿದ್ದಿ ಹಾಕ್ತಿದ್ದೆ."

"ಕೊನೇಲಿ ಬಳುಕು?"

"ಅದೂ ನಾನೇ, ಅಕ್ಕ."

ಎಂಟು ತಿಂಗಳಿಂದ ಬೆಳಕಿಗೆ ಹಿಡಿದು ಹೆಮ್ಮೆಪಟ್ಟದ್ದು ಇನ್ನೊಬ್ಬಳ ಕೆಲಸಕ್ಕೆ. ಹಲ್ಲಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಹೇಳಬಾರದಿತ್ತಾ? ನನ್ನ ಗುರುತನ್ನೇ ಕದ್ದು ಹಾಕೋ ಬದಲು ಒಂದು ಮಾತು ಹೇಳಬಾರದಿತ್ತಾ?"

"ನೀವು ನನಗೆ ಹೇಳಿದ್ರಾ?" ಎಂದಳು ಚಿಕ್ಕವಳು. "ಮನೆಗೆ ತಗೊಂಡು ಹೋಗಿ ಅಲ್ಲಿಂದಲೇ ಡಾಕ್ಟರಿಗೆ ಕಳಿಸಿಬಿಟ್ರೆ, ಆಮೇಲೆ ತಿದ್ದೋರು ಯಾರು?"

ಅಂಗಡಿಯವನು ನೀರು ತಂದ. ಹಲ್ಲಕ್ಕ ಲೋಟವನ್ನು ಅವನೆದುರೇ ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಆಮೇಲೆ ಮೌಸನ್ನು ಚಿಕ್ಕವಳ ಕಡೆಗೆ ತಳ್ಳಿದಳು.

"ಹಿಡಿ. ಆ ಉಬ್ಬಿಂದ ಶುರು ಮಾಡು. ಬಲಕ್ಕೆ. ಇನ್ನೂ ಬಲಕ್ಕೆ."

ಚಿಕ್ಕವಳ ಗೆರೆ ಪರದೆಯ ಎಡಗಡೆಗೆ ಸಾಗಿತು.

"ಅದು ಎಡ ಅಲ್ವಾ ಮೇಡಮ್?"

"ಎದುರು ಕೂತೋರ ಬಾಯಿ, ಬಲಾನೂ ಅವರದೇ!" ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದರು. ಅವನು ಮತ್ತೆ ಒರೆಸುವ ಬಟ್ಟೆ ಹುಡುಕಿಕೊಂಡ.

ಗೆರೆ ತುದಿಗೆ ಬಂದು ನಿಂತಿತು. ಬಳುಕು ಬರಬೇಕಾದ ಜಾಗ. ಚಿಕ್ಕವಳು ಕೈ ತಡೆದು ಕಾಯುತ್ತಾ ಕೂತಳು.

"ಯಾಕೆ ನಿಲ್ಲಿಸಿದೆ? ಗೊತ್ತಲ್ಲ ನಿನಗೆ."

"ಇನ್ಮೇಲೆ ನೀವು ಹೇಳದೆ ಹಾಕಲ್ಲ."

ಹಲ್ಲಕ್ಕ ತನ್ನ ಬಲಗೈ ಎತ್ತಿದಳು. ನಡುಗುತ್ತಿದ್ದ ಬೆರಳನ್ನು ನಡುಗುತ್ತಿದ್ದಂತೆಯೇ ಪರದೆಗೆ ಒತ್ತಿ, "ಇಲ್ಲಿಂದ. ನೀನು ಜಾಸ್ತಿ ಆಳ ಮಾಡ್ತೀಯ, ಅಷ್ಟು ಬೇಡ," ಎಂದಳು. ಚಿಕ್ಕವಳು ತಲೆಯಾಡಿಸಿ ಕೈ ಹಗುರ ಮಾಡಿದಳು.

ಬಳುಕು ಬಂತು. ಹಲ್ಲಕ್ಕ ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅಂಗಡಿಯವನ ಕಡೆ ತಿರುಗಿದಳು.

"ಆ ಊಟದ ಡಬ್ಬಿನೇ ಕೊಡಪ್ಪ, ದೊಡ್ಡ ಪರದೆ ಸಮೇತ. ಪಕ್ಕದಲ್ಲಿ ಕೂತು ಇವಳನ್ನ ಬೈಬೇಕು ನಾನು."