ಕಥೆ ಮುಗಿದ ಮೇಲೆ ಬರುವ ಹೆಸರುಗಳು

ಕಥೆ ಮುಗಿದ ಕೂಡಲೇ ಟೀವಿ ಆರಿಸಿಬಿಡುವುದು ನನ್ನ ಹಳೆಯ ಚಾಳಿ. ಸಿರಿ, ಮನು, ಇದಕ್ಕಾಗಿ ನೀವಿಬ್ಬರೂ ನನ್ನ ಮೇಲೆ ಎಷ್ಟು ಸಲ ಕೂಗಾಡಿದ್ದೀರಿ! ಪರದೆಯ ಮೇಲೆ ಹೆಸರುಗಳು ಸಾಲಾಗಿ ಮೇಲೇರಲು ಶುರುವಾದವೋ ಇಲ್ಲವೋ, ನನ್ನ ಕೈ ತಾನಾಗಿ ರಿಮೋಟಿಗೆ ಹೋಗುತ್ತಿತ್ತು. ನಿಮ್ಮ ತಾತ ಇದ್ದಾಗ, "ನೋಡ್ರಪ್ಪಾ, ಟೀವಿ ಕತ್ತು ಹಿಸುಕ್ಬುಟ್ಳು" ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಇದು ನನಗೆ ನಮ್ಮಮ್ಮನಿಂದ ಬಂದ ಬಳುವಳಿ. ಡೆಂಕಣಿಕೋಟೆ ಹತ್ತಿರದ ನಮ್ಮೂರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಅಮ್ಮ ಬುಡ್ಡಿ ದೀಪದ ಬೆಳಕಿನಲ್ಲಿ ಕಥೆ ಹೇಳುತ್ತಿದ್ದಳು. ರಾಜಕುಮಾರಿಗೆ ತಾಳಿ ಬಿದ್ದ ಮರುಗಳಿಗೆಯೇ ದೀಪಕ್ಕೆ ಉಫ್ ಎನ್ನುತ್ತಿದ್ದಳು. ಮದುವೆ ಊಟಕ್ಕೂ ನಾವು ಕಾಯುವಂತಿರಲಿಲ್ಲ. ಸೀಮೆಎಣ್ಣೆ ಇದ್ದದ್ದು ಕಥೆಗೆ, ಕಥೆ ಆದಮೇಲಿನದಕ್ಕಲ್ಲ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕಲಿತದ್ದರಲ್ಲಿ ಎಷ್ಟೋ ಮರೆತುಹೋಗಿದೆ, ಈ ಪಾಠ ಮಾತ್ರ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು. ಯಾಕೆ ಎಂದು ಬಾಯಲ್ಲಿ ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಮ್ಮ ಗಿರಿಜಾ ನಿಮ್ಮ ಕಣ್ಣಿಗೆ ಕೃಷ್ಣಗಿರಿಯ ಶಾಲೆಯ ಡ್ರಾಯಿಂಗ್ ಟೀಚರು. ಮಾವಿನ ಹಣ್ಣು ಬರೆಯಿಸಿ, ಅದಕ್ಕೆ ಬಣ್ಣ ಹಚ್ಚಿಸಿ, ನಾಲ್ಕು ಗಂಟೆಗೆ ಮನೆಗೆ ಬರುವವಳು. ನೀವು ಹುಟ್ಟುವ ಮೊದಲು ಅವಳ ಕೆಲಸವೇ ಬೇರೆ ಇತ್ತು. ನಾವು ಹೊಸೂರಿನಲ್ಲಿದ್ದೆವು. ಅವಳು ದಿನಾ ಬಸ್ಸು ಹತ್ತಿ ಬೆಂಗಳೂರಿನ ಒಂದು ಕಂಪನಿಗೆ ಹೋಗಿ, ಟೀವಿಯ ಕಾರ್ಟೂನುಗಳಿಗೆ ಕಥೆ ಬರೆಯುತ್ತಿದ್ದಳು. ಬರೆದು, ಅದನ್ನು ಚೌಕ ಚೌಕವಾಗಿ ಚಿತ್ರ ಮಾಡಿಯೂ ಕೊಡುತ್ತಿದ್ದಳು. ಯಾರು ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು, ಬಾಗಿಲು ಯಾವಾಗ ತೆರೆಯಬೇಕು ಎಲ್ಲವೂ ಆ ಚೌಕಗಳಲ್ಲಿ ಇರಬೇಕಂತೆ. ಆಮೇಲೆ ಬೇರೆ ಯಾರೋ ಅದಕ್ಕೆ ಬಣ್ಣ ಕೊಟ್ಟು ಓಡಾಡಿಸುತ್ತಾರಂತೆ. ಮನೆ ಕಟ್ಟುವ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಗೃಹಪ್ರವೇಶಕ್ಕೆ ಬಂದವರು ಬಣ್ಣ ನೋಡುತ್ತಾರೆ, ಬಾಗಿಲು ನೋಡುತ್ತಾರೆ. ಸುಣ್ಣದ ಗೆರೆಯನ್ನು ಕೇಳುವವರು ಯಾರು?

ಅರ್ಥವಾಗುವ ಮೊದಲು ನಾನು ಮಾಡಿದ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಒಂದು ಭಾನುವಾರ ಪಕ್ಕದ ಮನೆ ಮುನಿಯಮ್ಮ ಓಡಿಬಂದಳು. "ಕೆಂಪಕ್ಕಾ, ನಿನ್ ಮಗ್ಳಿಗೆ ಏನೋ ಸೋಕ್ಬುಟ್ಟೈತೆ. ಕಿಟಕೀಲಿ ನೋಡ್ದೆ. ಕನ್ನಡಿ ಮುಂದೆ ಹಲ್ಲು ಕಿರೀತಾ ನಿಂತವ್ಳೆ!" ನಾನು ಇಣುಕಿ ನೋಡಿದೆ. ಗಿರಿಜಾ ಕಣ್ಣು ದೊಡ್ಡದು ಮಾಡಿ, ಮೂಗು ಅರಳಿಸಿ, ಕೆನ್ನೆ ಉಬ್ಬಿಸಿ ಕನ್ನಡಿಯನ್ನೇ ಹೆದರಿಸುತ್ತಿದ್ದಳು. ನಾನು ಅವಳನ್ನು ಒಂದು ಮಾತೂ ಕೇಳಲಿಲ್ಲ. ಮಾರನೇ ದಿನ ರಾಯಕೋಟೆಗೆ ಹೋಗಿ ಒಂದು ತಾಯತ ತಂದು ಅವಳ ತೋಳಿಗೆ ಕಟ್ಟಿದೆ.

"ಅಮ್ಮಾ, ಕರಡಿಗೆ ಸಿಟ್ಟು ಬಂದ್ರೆ ಮಕ ಹೆಂಗಾಯ್ತದೆ ಅಂತ ನೋಡ್ಕೊಂತಿದ್ದೆ ಕಣಮ್ಮಾ" ಎಂದಳು. ಆದರೂ ಬಿಚ್ಚಲಿಲ್ಲ. ಎರಡು ತಿಂಗಳಾದ ಮೇಲೆ ಟೀವಿಯಲ್ಲಿ ಬಂದ ಕರಡಿಯ ತೋಳಿನಲ್ಲೂ ಒಂದು ತಾಯತ ಇತ್ತು. ಮುನಿಯಮ್ಮ ಅದನ್ನು ನೋಡಿ ಭಕ್ತಿಯಿಂದ ಕೆನ್ನೆ ಬಡಿದುಕೊಂಡಳು.

ಆ ಕಾಲದಲ್ಲಿ ಗಿರಿಜಾ ನನ್ನನ್ನು ಕಥೆ ಕೇಳುತ್ತಿದ್ದಳು. ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. "ನಿಮ್ಮೂರಿನ ಆನೆ ಕತೆ ಹೇಳಮ್ಮ." ನನಗೆ ಗೊತ್ತಿದ್ದದ್ದು ಅದೊಂದೇ. ರಾಗಿ ಕಾಳು ಕಟ್ಟುವ ಹೊತ್ತಿಗೆ ಕಾಡಿನಿಂದ ಆನೆ ಬರುತ್ತಿತ್ತು. ಊರಿನವರು ತಮಟೆ ಹೊಡೆಯುತ್ತಿದ್ದರು, ಪಟಾಕಿ ಸಿಡಿಸುತ್ತಿದ್ದರು. ನಮ್ಮಜ್ಜ ಮಾತ್ರ ಅಟ್ಟಣೆಯ ಮೇಲೆ ಕೂತು, ನೆಂಟರ ಹುಡುಗನನ್ನು ಗದರುವ ಹಾಗೆ ಆನೆಯ ಜೊತೆ ಮಾತಾಡುತ್ತಿದ್ದ. "ತಿನ್ನೋದ್ ತಿನ್ನು, ತುಳೀಬ್ಯಾಡ ಕಣ್ಲಾ. ನಮ್ಗೂ ಒಂದೀಟು ಬಿಡು." ಆನೆ ಕೇಳುತ್ತಿತ್ತೋ ಇಲ್ಲವೋ, ಅಜ್ಜನಂತೂ ಕೇಳಿತು ಎಂದೇ ನಂಬಿದ್ದ. ಇದನ್ನು ಎಷ್ಟು ಸಲ ಹೇಳಿದರೂ ಗಿರಿಜಾ ಇನ್ನೊಂದು ಸಲ ಹೇಳು ಎನ್ನುತ್ತಿದ್ದಳು. "ಓದಿದೋಳು ನೀನು, ನನ್ನೇನ್ ಕೇಳ್ತೀಯ" ಎಂದು ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಳ್ಳುತ್ತಿದ್ದೆ.

ಒಂದು ಸಂಜೆ ಅವಳು ಬೇಗ ಮನೆಗೆ ಬಂದು, ನಿಮ್ಮ ತಾತನನ್ನೂ ನನ್ನನ್ನೂ ಟೀವಿಯ ಮುಂದೆ ಕೂರಿಸಿದಳು. ನಮ್ಮ ಕೇಬಲ್ಲಿನಲ್ಲಿ ಅದು ತಮಿಳಿನಲ್ಲಿ ಬರುತ್ತಿತ್ತು. ರಾಗಿ ಹೊಲ, ಅಟ್ಟಣೆ, ಒಂದು ಮರಿ ಆನೆ. ಅಟ್ಟಣೆಯ ಮೇಲೆ ಅಜ್ಜನಿರಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದ ಒಬ್ಬಳು ಅಜ್ಜಿ ಕೂತಿದ್ದಳು. "ತಿನ್ನು, ಮಿದಿಕ್ಕಾದೆ" ಎಂದು ಅವಳು ತಮಿಳಿನಲ್ಲಿ ಆನೆಗೆ ಹೇಳಿದಳು. ತಿನ್ನು, ತುಳಿಯಬೇಡ: ನಮ್ಮಜ್ಜನ ಮಾತು! ನನಗೆ ಬಂದದ್ದು ಅಳುವೋ ನಗುವೋ ಗೊತ್ತಾಗಲಿಲ್ಲ. ಕಥೆ ಮುಗಿಯಿತು. ನಾನು ಟೀವಿ ಆರಿಸಿದೆ.

ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಹೇಳಬೇಕಿತ್ತು. ಚೆನ್ನಾಗಿದೆ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ನಮ್ಮ ಕಡೆ ಹೆತ್ತ ಮಕ್ಕಳನ್ನು ಎದುರಿಗೆ ಹೊಗಳುವ ರೂಢಿ ಇರಲಿಲ್ಲ, ನನಗೆ ಅದರ ಮಾತುಗಳೂ ಬರುತ್ತಿರಲಿಲ್ಲ. ತಡಕಾಡಿ ಕೊನೆಗೆ, "ಆನೆ ಬಾಲ ಅಷ್ಟು ಮೋಟು ಇರಲ್ಲ ಕಣೆ" ಎಂದೆ. ಅವಳು ಕಾಫಿ ಲೋಟ ತೊಳೆಯಲು ಎದ್ದುಹೋದಳು.

ಆನೆಯ ಕಥೆಗಳು ಆಮೇಲೂ ಬಂದವು. ವಾರಕ್ಕೊಂದು. ನಾನು ಪ್ರತಿ ವಾರವೂ ನೋಡಿದೆ, ಪ್ರತಿ ವಾರವೂ ಕೊನೆಗೆ ಆರಿಸಿದೆ. ಆಮೇಲಾಮೇಲೆ ಗಿರಿಜಾ ಜೊತೆಯಲ್ಲಿ ಕೂರುವುದನ್ನು ಬಿಟ್ಟಳು. ಕಥೆ ಕೇಳುವುದನ್ನೂ ಬಿಟ್ಟಳು. ಅವಳಿಗೆ ಕೆಲಸ ಜಾಸ್ತಿ ಎಂದುಕೊಂಡೆ.

ಆ ಕಂಪನಿ ಬಹಳ ವರ್ಷ ನಡೆಯಲಿಲ್ಲ. ಹೊಸದಾಗಿ ಬಂದ ಮೇಲಿನವರು, ಅಜ್ಜಿ ಆನೆ ಎಲ್ಲ ಸಾಕು, ಗುದ್ದಾಟ ಇರುವಂಥದ್ದು ಬರೆಯಿರಿ ಎಂದರಂತೆ. ಗಿರಿಜಾ ಕೈಲಾದಷ್ಟು ಗುದ್ದಾಡಿಸಿದಳು. ಕೊನೆಗೆ ಒಂದು ದಿನ ಹಾಳೆಗಳ ದೊಡ್ಡ ಕಟ್ಟು ಹೊತ್ತುಕೊಂಡು ಮನೆಗೆ ಬಂದು, ಅದನ್ನು ಅಟ್ಟದ ಮೇಲಿಟ್ಟಳು. ಮುಂದೆ ಮದುವೆ, ಕೃಷ್ಣಗಿರಿ, ಶಾಲೆಯ ಕೆಲಸ. "ಒಳ್ಳೇದೇ ಆಯ್ತು ಬಿಡು, ಹೊತ್ತಿಗೆ ಸರಿಯಾಗಿ ಮನೆ ಸೇರ್ತೀಯ" ಎಂದೆ. ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಆ ಮಾತನ್ನು ಈಗ ನೆನೆಸಿಕೊಂಡರೆ ನನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕು ಎನಿಸುತ್ತದೆ.

ಹೋದ ಬೇಸಿಗೆ ರಜೆಯಲ್ಲಿ ನಡೆದದ್ದು, ಸಿರಿ, ನಿನಗೆ ನೆನಪಿರಬೇಕು. ನಿಮ್ಮಮ್ಮ ಹಿಂದೆ ಒಂದು ಆನೆಯ ಕಾರ್ಟೂನು ಮಾಡಿದ್ದಳು ಎಂದು ನಾನು ಮಾತಿಗೆ ಹೇಳಿದ್ದಕ್ಕೆ, ನೀನು ಮೊಬೈಲಿನಲ್ಲಿ ಎಲ್ಲಿಂದಲೋ ಅದನ್ನು ಹುಡುಕಿ ತೆಗೆದೆ. ನಾವು ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಮರಿ ಆನೆ ಕಾಡಿಗೆ ಹೋಯಿತು. ನನ್ನ ಬೆರಳು ಮುಂದೆ ಹೋಯಿತು. ನೀನು ಅದನ್ನು ಹಿಡಿದುಕೊಂಡೆ.

"ಇರಜ್ಜೀ, ಅಮ್ಮನ ಹೆಸ್ರು ಬತ್ತದೆ!"

ಇಂಗ್ಲಿಷಿನ ಅಕ್ಷರಗಳು ಇರುವೆಸಾಲಿನಂತೆ ಮೇಲೆ ಹೋದವು. ನನಗೆ ಓದಲು ಬರುವುದಿಲ್ಲ. ನೀನು ಬೆರಳಿಟ್ಟು ಓದಿದೆ. "ಬರವಣಿಗೆ, ಚಿತ್ರ: ಗಿರಿಜಾ." ಆಮೇಲೆ ಕಣ್ಣರಳಿಸಿ, "ಅಜ್ಜೀ, ಕೆಳಗಡೆ ನಿನ್ ಹೆಸ್ರು ಐತೆ! ಕಥೆ: ಕೆಂಪಮ್ಮ" ಎಂದೆ. ನಿನ್ನ ತಮಾಷೆ ಇರಬೇಕೆಂದು ನಾನು ಮನುವಿನಿಂದಲೂ ಓದಿಸಿದೆ. ಅವನು ಒಂದೊಂದೇ ಅಕ್ಷರ ಕೂಡಿಸಿ, ಅದೇ ಹೆಸರನ್ನು ಹೇಳಿದ. ಸಿಕ್ಕಿದ ಕಂತುಗಳನ್ನೆಲ್ಲ ಕೊನೆಗೆ ಓಡಿಸಿ ನೋಡಿದೆವು. ಎಲ್ಲದರಲ್ಲೂ ನಾನಿದ್ದೆ.

ಅಷ್ಟು ವಾರ ನಾನು ಆರಿಸಿದ್ದು ನನ್ನ ಹೆಸರನ್ನೇ. ಅದು ಹೋಗಲಿ. ನನ್ನ ಹೆಸರಿನ ಮೇಲೆ ಇದ್ದ ಅವಳ ಹೆಸರನ್ನೂ ಆರಿಸಿದ್ದೆ. ನಿಮ್ಮ ತಾತನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಅವರಿಗೂ ಕಾಣಗೊಡಲಿಲ್ಲ. ಮಗಳ ಹೆಸರನ್ನು ಟೀವಿಯಲ್ಲಿ ನೋಡದೆಯೇ ಅವರು ಹೋದರು.

ಆ ಸಂಜೆ ಗಿರಿಜಾ ಅಡಿಗೆಮನೆಯಲ್ಲಿದ್ದಳು. ನಾನು ಬಾಗಿಲಲ್ಲಿ ನಿಂತು, "ನನ್ ಹೆಸ್ರು ಹಾಕಿದ್ಯಂತಲ್ಲ, ಯಾಕ್ ಹೇಳ್ಲಿಲ್ಲ?" ಎಂದೆ.

ಅವಳು ತಿರುಗಲಿಲ್ಲ. "ಅಪ್ಪ ಓದಿ ನಿಂಗೆ ಹೇಳ್ಲಿ ಅಂತ ಕಾದೆ. ನೀನ್ ನೋಡಿದ್ರೆ ಹೆಸ್ರು ಬರೋ ಹೊತ್ಗೆ ಸರ್ಯಾಗಿ ಆರಿಸ್ತಿದ್ದೆ. ನಿಂಗೆ ಹಿಡಿಸ್ಲಿಲ್ವೇನೋ, ನಾಲ್ಕು ಜನದ ಮುಂದೆ ನಾಚ್ಕೆ ಆಯ್ತೇನೋ ಅಂತ ಸುಮ್ಕಾದೆ."

ನೋಡಿ, ಬಾಯಿಬಿಟ್ಟು ಕೇಳದವಳು ನಾನೊಬ್ಬಳೇ ಅಲ್ಲ. ಅವಳೂ ನನ್ನ ಮಗಳೇ. ಆ ಹೊತ್ತಿನಲ್ಲಿ ನನಗೆ ಹೇಳಲು ಬೇಕಾದಷ್ಟಿತ್ತು, ಬಂದದ್ದು ಮಾತ್ರ ಇಷ್ಟು: "ಆನೆ ಬಾಲ ಸರ್ಯಾಗೇ ಇತ್ತು ಕಣೆ."

ಈಗ ಅವಳು ತಿರುಗಿ ನಕ್ಕಳು. "ಇಲ್ಲ ಕಣಮ್ಮಾ, ಮೋಟಾಗೇ ಇತ್ತು. ನೀನ್ ಹೇಳಿದ್ಮೇಲೆ ಮುಂದಿನ ಕಂತಿಂದ ಉದ್ದ ಮಾಡ್ದೆ. ನೀನ್ ನೋಡ್ಲೇ ಇಲ್ಲ."

ಪ್ರತಿ ವಾರ ನೋಡಿಯೂ ನಾನು ಅದನ್ನು ಗಮನಿಸಿರಲಿಲ್ಲ.

ಈಗ ಧಾರಾವಾಹಿ ಮುಗಿದ ಮೇಲೂ ನಾನು ಏಳುವುದಿಲ್ಲ. ಹೆಸರುಗಳು ಮೇಲೇರುವಾಗ ಕೈಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿರುತ್ತೇನೆ. ತಮಿಳು, ಇಂಗ್ಲಿಷಿನ ಅಕ್ಷರ, ಒಂದೂ ಓದಲು ಬರುವುದಿಲ್ಲ. ಆದರೂ ಎಲ್ಲೋ ಒಂದು ಮನೆಯಲ್ಲಿ ಯಾರ ಮಗಳೋ ಅಮ್ಮನ ಮುಖವನ್ನೇ ನೋಡುತ್ತಾ ಕೂತಿರಬಹುದು. ಗಿರಿಜಾ ಆ ಕಡೆ ಬಂದರೆ ನನ್ನ ಪಕ್ಕದಲ್ಲಿ ಕೂರುತ್ತಾಳೆ. ಕೊನೆಯ ಹೆಸರು ಹೋದ ಮೇಲೆ ಅವಳೇ ಕೈ ಚಾಚಿ ಟೀವಿ ಆರಿಸುತ್ತಾಳೆ.