ಆರು ಗ್ರಾಂ ಮೇಲಿನ ಕೊಸರು

ಆ ಬಲೂನು ಹಾಳಾದದ್ದು ನನ್ನ ಕೈಯಿಂದ. ನನ್ನ ಹೆಂಡತಿ ಮಂಜುಳಾಳ ಬೆಸುಗೆ ಬಿಟ್ಟದ್ದರಿಂದಲ್ಲ. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಅವಳು ತೀರಿಕೊಂಡು ಏಳು ತಿಂಗಳಾದ ಮೇಲೆ, ಈಗ ಹೇಳುತ್ತಿದ್ದೇನೆ.

ನಾನು ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಕಡೆಯವನು, ಹೂ ಬೆಳೆಯುವವನು. ಮಂಜುಳಾ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕಿದಳು. ಹೊಸದಾಗಿ ಸೇರಿದ ಹುಡುಗಿಯರಿಗೆ ಅವಳ ಬೋರ್ಡನ್ನೇ ತೋರಿಸಿ ಕಲಿಸುತ್ತಿದ್ದರಂತೆ. ಅದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ — ಪ್ರತಿ ಸಲವೂ ಮೊದಲ ಸಲದ ಹಾಗೆ. ಅಲ್ಲಿಂದಲೇ ಅವಳಿಗೆ ಹವ್ಯಾಸಿ ರೇಡಿಯೊದ ಹುಚ್ಚು ಹತ್ತಿತು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದು ಹೊಸೂರಿನ ಕ್ಲಬ್ಬಿಗೆ ಸೇರಿದಳು. ನಾನು ಅವಳ ಚೀಲ ಹಿಡಿದುಕೊಂಡು ಹೋಗುತ್ತಿದ್ದೆ. ತೂಕ ನೋಡುವ ಕೈ ಎಂದು ಬಲೂನಿಗೆ ಗ್ಯಾಸ್ ತುಂಬುವ ಕೆಲಸ ನನಗೆ ಕೊಟ್ಟರು.

ಕ್ಲಬ್ಬಿನವರು ಅನುಮತಿ ಪಡೆದು ಬಿಡುವ ಈ ಬಲೂನಿನ ಕೆಳಗೆ ತೂಗುವ ಯಂತ್ರ ಒಂದು ಹಿಡಿ ಕನಕಾಂಬರಕ್ಕಿಂತ ಹೆಚ್ಚು ಭಾರವಿರುವುದಿಲ್ಲ. ಬಿಸಿಲು ಬಿದ್ದಷ್ಟು ಹೊತ್ತು ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೊದಲ್ಲಿ ಹೇಳುತ್ತಿರುತ್ತದೆ. ಅಳತೆ ಸರಿಯಿದ್ದರೆ ಸಮುದ್ರಗಳನ್ನು ದಾಟಿ ವಾರಗಟ್ಟಲೆ ತೇಲುತ್ತದೆ. ಸರಿ ಅಂದರೆ — ಯಂತ್ರದ ಭಾರದ ಮೇಲೆ ಆರೇ ಗ್ರಾಂ ಎತ್ತುವಷ್ಟು ಗ್ಯಾಸ್. ಹೆಚ್ಚಾದರೆ ಮೇಲೆ ಹೋದ ಹಾಗೆಲ್ಲ ಬಿಗಿದು ಒಡೆಯುತ್ತದೆ.

ಮಂಜುಳಾ ಪೂರ್ತಿ ತಾನೇ ಮಾಡಿದ ಮೊದಲ ಯಂತ್ರವನ್ನು ಬಿಟ್ಟದ್ದು ನಮ್ಮ ಹೊಲದಿಂದಲೇ. ಬೆಳಕು ಹರಿಯುವ ಹೊತ್ತು, ಗಾಳಿ ಇರಲಿಲ್ಲ. ಹೂ ತುಂಬುವ ಶೆಡ್ಡಿನಲ್ಲಿ ನಾನು ಗ್ಯಾಸ್ ಕೊಳವೆ ಹಿಡಿದಿದ್ದೆ. ಅವಳು ತಂತಿ ಬಿಡಿಸಲು ಹೊರಗೆ ಹೋಗುತ್ತಾ, "ಆರು ಗ್ರಾಂ ಕಣಯ್ಯಾ, ಏಳೂ ಬ್ಯಾಡ. ಇದೇನು ಹೂವಲ್ಲ, ಕೊಸರು ಹಾಕಾಕೆ!" ಎಂದು ನಕ್ಕಳು.

ಆರು ಗ್ರಾಮಿಗೆ ನಿಲ್ಲಿಸಿದೆ. ಆದರೆ ಬಲೂನು ಅರ್ಧ ಖಾಲಿ ಚೀಲದ ಹಾಗೆ ಸುಕ್ಕು ಸುಕ್ಕಾಗಿ ನಿಂತಿತ್ತು. ಅವಳ ತಮ್ಮ ಬಾಗಲೂರಿನಿಂದ ನೋಡಲೆಂದೇ ಬಂದಿದ್ದ. "ಏನ್ ಭಾವ, ಅಕ್ಕ ಆಕಾಶಕ್ಕೆ ಬಿಡ್ತೀನಿ ಅಂದ್ಲು. ಇದು ಬೇಲಿನೂ ದಾಟಲ್ವಲ್ಲ!" ಎಂದ.

ನಮ್ಮಲ್ಲಿ ಹೂ ತೂಗಿ ತಕ್ಕಡಿ ಸಮವಾದ ಮೇಲೆ ಇನ್ನೊಂದು ಹಿಡಿ ಹಾಕದೆ ಕೊಡುವುದಿಲ್ಲ. ಹಾಕದೆ ಕೊಟ್ಟವನನ್ನು ಜಿಪುಣ ಅನ್ನುತ್ತಾರೆ. ಇಪ್ಪತ್ತು ವರ್ಷ ಕೊಸರು ಹಾಕಿದ ಕೈ — ಆದರೂ ತಪ್ಪನ್ನು ಕೈಯ ಮೇಲೆ ಹಾಕಲಾರೆ. ಅವಳು ಬೇಡ ಎಂದದ್ದು ಕಿವಿಯಲ್ಲಿ ಇರುವಾಗಲೇ ಇನ್ನೂ ಎರಡು ಸಲ ಗ್ಯಾಸ್ ತುಂಬಿದೆ. ಮತ್ತೆ ತೂಗಲಿಲ್ಲ.

ಬಲೂನು ಜೋರಾಗಿ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೊಂದು ಸಾವಿರ ಮೀಟರಿನ ತನಕ ಯಂತ್ರ ಮಾತಾಡಿತು. ಆಮೇಲೆ — ಏನೂ ಇಲ್ಲ.

ಕ್ಲಬ್ಬಿನ ಹಿರಿಯರಾದ ಮೇಷ್ಟ್ರು ನನ್ನ ಕಡೆ ತಿರುಗಿದರು. "ಅಣ್ಣಾ, ಎಷ್ಟು ಇಟ್ರಿ?"

"ಆರೇ ಗ್ರಾಂ, ಸಾರ್."

"ಹಂಗಾದ್ರೆ ಬಲೂನ್ ಒಡ್ದಿರಲ್ಲ ಪಾ. ಯಂತ್ರನೇ ನಿಂತಿರ್ಬೇಕು."

 ರಾತ್ರಿ ಮಲಗಿದ ಯಂತ್ರ ಬಿಸಿಲಿಗೆ ಎದ್ದೀತೆಂದು ಮಂಜುಳಾ ಮೂರು ದಿನ ಬೆಳಗ್ಗೆ ರೇಡಿಯೊ ಮುಂದೆ ಕೂತಳು. ನಾಲ್ಕನೆಯ ದಿನ ಕ್ಲಬ್ಬಿನ ಪುಸ್ತಕದಲ್ಲಿ ತಾನೇ ಬರೆದಳು: "ಕಾರಣ — ನನ್ನ ಬೆಸುಗೆ." ಅವಳು ಬರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಜೊತೆಗೇ ಮಾಡಿಟ್ಟಿದ್ದ ಇನ್ನೊಂದು ಯಂತ್ರವನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು. ಕಾರ್ಖಾನೆಯಲ್ಲಿ ಒಂದೇ ಬೆಸುಗೆಯನ್ನು ಮೂರು ಮೂರು ಸಲ ನೋಡತೊಡಗಿದಳಂತೆ. ಕೆಲಸ ಹಿಂದೆ ಬಿತ್ತು. ಎರಡು ತಿಂಗಳಿಗೆ ತಾನೇ ಕೇಳಿಕೊಂಡು ಪ್ಯಾಕಿಂಗಿಗೆ ಹೋದಳು. "ನನ್ ಕೈನ ನಂಗೇ ನಂಬಕ್ಕಾಗ್ತಿಲ್ಲ ಕಣಯ್ಯಾ" ಅಂದಳು. ಆಗಲೂ ನಾನು — ಏನು ಹೇಳಿದೆ? ಪ್ಯಾಕಿಂಗಿನಲ್ಲಿ ಕಣ್ಣಿಗೆ ಆಯಾಸವಿಲ್ಲ, ಒಳ್ಳೇದೇ ಆಯಿತು ಅಂದೆ.

ನಾಲ್ಕು ವರ್ಷದ ಮೇಲೆ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ಮೂಸಂಬಿ ಸುಲಿದು ಕೊಡುತ್ತಿದ್ದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಅವತ್ತು ಆರೇ ಗ್ರಾಮಾ?"

ಯಾವತ್ತು ಎಂದು ನಾನು ಕೇಳಲಿಲ್ಲ.

"ಆರೇ," ಅಂದೆ.

"ಸರಿ ಬಿಡು," ಅಂದು ಗೋಡೆಯ ಕಡೆ ತಿರುಗಿದಳು. ಹನ್ನೆರಡು ದಿನಕ್ಕೆ ಹೋಗಿಬಿಟ್ಟಳು. ಅವಳಿಗೆ ಗೊತ್ತಿತ್ತೇ — ಗೊತ್ತಿದ್ದೂ ನನ್ನ ಬಾಯಿಂದ ಕೇಳಬೇಕೆಂದಿದ್ದಳೇ — ಇದನ್ನು ಇನ್ನು ಯಾರನ್ನು ಕೇಳಲಿ?

ಕಳೆದ ವಾರ ಮೇಷ್ಟ್ರು ಫೋನ್ ಮಾಡಿದರು. ಬರುವ ಭಾನುವಾರ ಅವಳ ನೆನಪಿಗೆ ಒಂದು ಬಲೂನು ಬಿಡುತ್ತಾರಂತೆ. "ಗ್ಯಾಸ್ ನೀವೇ ತುಂಬ್ಬೇಕು ಅಣ್ಣಾ. ನಿಮ್ ಅಳತೆ ತಪ್ಪಲ್ಲ." ಫೋನ್ ಇಟ್ಟ ಮೇಲೆ ಅಟ್ಟ ಹತ್ತಿ ಆ ಡಬ್ಬಿ ಇಳಿಸಿದೆ. ಯಂತ್ರವನ್ನು ಅಂಗಳದ ಬಿಸಿಲಿಗಿಟ್ಟು, ಅವಳು ಮಾಡುತ್ತಿದ್ದ ಹಾಗೇ ತಂತಿ ಚಾಚಿ, ಅವಳ ರೇಡಿಯೊ ಹಚ್ಚಿ ಕೂತೆ. ಐದು ನಿಮಿಷ ಬರೀ ಗೊರಗೊರ. ಆಮೇಲೆ ಯಂತ್ರದ ಸಣ್ಣ ದನಿ ಬಂತು. ಹತ್ತು ನಿಮಿಷಕ್ಕೆ ಮತ್ತೆ ಬಂತು. ಸಂಜೆ ಬಿಸಿಲು ಅಂಗಳ ಬಿಡುವ ತನಕ ಒಂದು ಸಲವೂ ತಪ್ಪಲಿಲ್ಲ.

ನಿನ್ನೆ ಹೊಸೂರಿಗೆ ಹೋಗಿ ಕ್ಲಬ್ಬಿನ ಪುಸ್ತಕ ತೆಗೆಸಿದೆ. ಅವಳ ಸಾಲನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ — ಅದು ಅವಳ ಅಕ್ಷರ. ಅದರ ಕೆಳಗೆ ಬರೆದೆ: "ಬೆಸುಗೆ ಅಲ್ಲ. ಆರು ಗ್ರಾಂ ಆದ ಮೇಲೆ ನಾನು ಇನ್ನೂ ಎರಡು ಸಲ ಗ್ಯಾಸ್ ತುಂಬಿದೆ. ಸುಳ್ಳು ಹೇಳಿದೆ." ಮೇಷ್ಟ್ರು ಓದಿ ಕನ್ನಡಕ ತೆಗೆದರು.  ಆಮೇಲೆ, "ಅವ್ರು ಮಾಡಿದ್ದ ಆ ಇನ್ನೊಂದು ಯಂತ್ರ ಇದೆಯಾ?" ಎಂದಷ್ಟೇ ಕೇಳಿದರು.

ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಭಾನುವಾರ ಅದೇ ಹೋಗುತ್ತದೆ. ಗ್ಯಾಸ್ ಬೇರೆಯವರು ತುಂಬುತ್ತಾರೆ.