ಅಜ್ಜಿ ತಡೆದು ಹಿಡಿದ ತಟ್ಟೆ

ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಕ್ರಿಸ್ತನನ್ನು ನಂಬಿದ ಮನೆ ನಮ್ಮದೊಂದೇ. ಹದಿನಾರು ತುಂಬಿದ್ದ ನನಗೆ ಆ ಭಾನುವಾರ ಚರ್ಚಿನಲ್ಲಿ ಯೇಸುವಿನ ನೆನಪಿಗೆ ಹಂಚುವ ಪ್ರಭು ಭೋಜನದ ರೊಟ್ಟಿ ಮೊದಲ ಸಲ ಸಿಗುವುದಿತ್ತು. ಯೋಗ್ಯತೆಯಿಲ್ಲದೆ ತಿಂದರೆ ಶಿಕ್ಷೆ ತಪ್ಪದೆಂಬ ಹೆದರಿಕೆ ನನ್ನದು. ವಾರವಿಡೀ ಸುಳ್ಳಾಡಬಾರದು, ಸಿಟ್ಟು ಮಾಡಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ. ನನ್ನ ಮೂಗಿನ ತುದಿಯ ಸಿಟ್ಟಿಗೆ ಅದೇನು ಸಣ್ಣ ಕೆಲಸವಲ್ಲ.

ಶನಿವಾರ ಎಲ್ಲ ಕೆಟ್ಟಿತು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಿದ್ದೆ. ಕಣ್ಣು ಹೋಗಿದ್ದ ಅಜ್ಜಿ ತಾನೂ ಕೈ ಹಚ್ಚಲು ಬಂದು ಅರ್ಧ ದಿನದ ಕೆಲಸವನ್ನು ಸಿಕ್ಕು ಮಾಡಿದಳು.

"ಕಣ್ಣ ಕಾಣದಾಕಿ ಮೂಲ್ಯಾಗ ಬಿದ್ದಿರಬಾರದ?" ಎಂದು ಕಿರುಚಿದೆ. ಅಜ್ಜಿ ಗೋಡೆ ಹಿಡಿದುಕೊಂಡು ಎದ್ದು ಹೋದಳು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.

ಮರುದಿನ ಚರ್ಚಿನಲ್ಲಿ ಚಾಪೆಯ ಮೇಲೆ ಅವಳ ಪಕ್ಕದಲ್ಲೇ ಕೂತೆ. ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ದಾಟುತ್ತ ನನ್ನ ಬಳಿ ಬಂತು. ನಾನು ತೆಗೆದುಕೊಳ್ಳದೆ ತಟ್ಟೆಯನ್ನು ಅಜ್ಜಿಯತ್ತ ಸರಿಸಿದೆ.

"ನನಗ ಕಾಣೂದಿಲ್ಲ. ನೀನ ಒಂದ ತುಂಡ ಕೊಡು" ಎಂದಳು. ಒಂದು ತುಂಡು ಅವಳ ಕೈಗಿಟ್ಟೆ.

"ನೀ ತಗೊಂಡಿ?"

"ಇಲ್ಲಬೇ. ನಿನಗ ಹಂಗ ಬೈದು, ಯಾವ ಮಾರಿ ಇಟಗೊಂಡ ತಗೊಳ್ಳಲಿ?"

ಅಜ್ಜಿ ತಟ್ಟೆಯನ್ನು ಮುಂದೆ ಬಿಡಲಿಲ್ಲ.

"ಬೈದಾಕಿ ಕೈಲೆ ನಾ ತಗೊಂಡೇನಿ. ಯೇಸುಸ್ವಾಮಿ ಕೈಲೆ ತಗೊಳ್ಳಾಕ ನಿಂದೇನ ತಕರಾರ?"